ಕುರಿಗೆ ಆವರೇಜ ಎಷ್ಟು?

ಮಂಗಸೂಳಿ ಸೀಮೆಯ ಸಮಸ್ತ ಕುರಿ, ಟಗರು ಹಾಗೂ ಮರಿಗಳಿಗೆ ಈ ಮೂಲಕ ತಿಳಿಸುವುದೇನೆಂದರೆ, ಈ ವರ್ಷದಿಂದ ನಿಮ್ಮ ಕಾಲ್ನಡಿಗೆಯನ್ನು ರದ್ದುಪಡಿಸಲಾಗಿದೆ. ಹೀಗೆಂದು ಘೋಷಿಸಿದವನು ಅಮೋಘಸಿದ್ದ. ಘೋಷಿಸಿದ್ದು ತಾನು ಹೊಸದಾಗಿ ಕೊಂಡ ಹಳೆಯ ಪಿಕಪ್ ಗಾಡಿಯ ಹಿಂಬದಿಯಲ್ಲಿ ನಿಂತು. ಎದುರಿಗಿದ್ದ ನೂರಿಪ್ಪತ್ತು ಕುರಿಗಳು ಯಾವ ಆಕ್ಷೇಪಣೆಯನ್ನೂ ಸಲ್ಲಿಸಲಿಲ್ಲ. ಮೆಲುಕು ಹಾಕಿದವು.

ಆಕ್ಷೇಪಣೆ ಬಂದದ್ದು ಕುರಿಗಳ ಯಜಮಾನ, ಅವನ ದೊಡ್ಡಪ್ಪ ಮಲಕಾರಿಯಿಂದ. ಪ್ರತಿ ವರ್ಷ ಕಬ್ಬಿನ ಕಟಾವು ಶುರುವಾದ ಮೇಲೆ ಮಲಕಾರಿ ಮೇವಿಗಾಗಿ ಕುರಿ ಹೊಡೆದುಕೊಂಡು ಬೇಡಕಿಹಾಳದ ಕಡೆ ಹೊರಡುತ್ತಾನೆ. ಏಳು ದಿನದ ಹಾದಿ. ಜೊತೆಗೆ ಹೆಂಡತಿ ಕೆಂಪವ್ವನೂ ನಡೆಯುತ್ತಾಳೆ, ಏಕೆಂದರೆ ಏಳು ಸಂಜೆಯೂ ರೊಟ್ಟಿ ಬಡಿಯಬೇಕಾದವಳು ಅವಳೇ. ಈ ಸಲ ಅವಳ ಮೊಣಕಾಲು ಬಾತು ಬೋರಲು ಹಾಕಿದ ತಂಬಿಗೆಯಂತಾಗಿತ್ತು. ಅಥಣಿಯ ಡಾಕ್ಟರು ನಡೆಯಲೇಬೇಡ ಎಂದಿದ್ದರು. ಕುರಿ ಗಾಡಿಯಲ್ಲಿ ಹೋದರೆ ಕೆಂಪವ್ವನೂ ಗಾಡಿಯಲ್ಲಿ. ಕುರಿ ನಡೆದರೆ ಅವಳೂ ನಡೆಯಬೇಕು.

"ಬಸ್ಸಿನ್ಯಾಗ ಹೋಗ್ಲಿ. ಹೆಣಮಕ್ಕಳಿಗೆ ಪುಕ್ಕಟೆ ಐತಿ" ಅಂದ ಮಲಕಾರಿ.

"ದಿನಾ ಸಂಜಿಗೆ ಬಸ್ಸು ಅಕಿನ್ನ ನಿನ್ನ ಒಲಿ ಮುಂದ ಇಳಸತೈತೇನ ದೊಡ್ಡಪ್ಪಾ? ಅಕಿ ಒಂದ ದಿನದಾಗ ಬೇಡಕಿಹಾಳ ಮುಟ್ಟತಾಳ. ನೀ ಹಾದ್ಯಾಗ ಏಳು ದಿನ ಏಕಾದಶಿ ಮಾಡ್ತಿ."

ಮಲಕಾರಿ ಹೊಟ್ಟೆ ಸವರಿಕೊಂಡು ಬಸ್ಸನ್ನು ಕೈಬಿಟ್ಟ. "ಹಂಗಾದ್ರ ಗಾಡಿದ ಲೆಕ್ಕಾ ಹೇಳು. ಆವರೇಜ ಎಷ್ಟ ಕೊಡತೈತಿ?"

"ಲೀಟರಿಗೆ ಹದಿನೈದು. ಎಪ್ಪತ್ತೈದು ಕಿಲೋಮೀಟರ್ ಹಾದಿ, ಐದು ಲೀಟರ್ ಡೀಸೆಲ್. ಲೀಟರಿಗೆ ತೊಂಬತ್ತು ಹಿಡದ್ರ ನಾಕನೂರಾ ಐವತ್ತು. ಒಂದ ಸಲಕ್ಕ ನಲವತ್ತು ಕುರಿ, ಮೂರು ಖೇಪು. ಸಾವಿರದ ಮುನ್ನೂರಾ ಐವತ್ತು!" ಅಮೋಘಸಿದ್ದ ಮೊಬೈಲನ್ನು ಆರತಿ ತಟ್ಟೆಯಂತೆ ದೊಡ್ಡಪ್ಪನ ಮುಖದ ಮುಂದೆ ಬೆಳಗಿದ. "ನಡದ್ರ? ಹಿಟ್ಟು, ಬ್ಯಾಳಿ, ಚಾ, ಸಕ್ರಿ, ನಿನ್ನ ತಂಬಾಕ. ದಿನಕ್ಕ ನಾಕನೂರು ಹಿಡಿ. ಏಳು ದಿನಕ್ಕ ಎರಡು ಸಾವಿರದ ಎಂಟನೂರು. ಅರ್ಧಕ್ಕರ್ಧ ಉಳಿತು!"

ಕೆಂಪವ್ವ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

ಮಲಕಾರಿ ಶಾಲೆಯ ಮೆಟ್ಟಿಲು ಹತ್ತಿದ್ದು ಓಟು ಹಾಕಲು ಮಾತ್ರ. ಆದರೆ ಮಂದೆಯಲ್ಲಿ ಒಂದು ಮರಿ ಕಡಿಮೆಯಾದರೂ ಕಣ್ಣುಮುಚ್ಚಿ ಹೇಳಬಲ್ಲವನು. "ಅಲ್ಲಲೇ, ಮೂರು ಸಲಾ ಹೋಗಾಕ ಎರಡು ಸಲಾ ಖಾಲಿ ಬರಬೇಕಲ್ಲ? ಆವಾಗ ಗಾಡಿ ಗಾಳಿ ಕುಡದು ಬರತೈತೇನು?"

ಅಮೋಘಸಿದ್ದ ನಾಲಿಗೆ ಕಚ್ಚಿಕೊಂಡು ಒಂಬೈನೂರು ಸೇರಿಸಿದ. "ಎರಡು ಸಾವಿರದ ಎರಡನೂರಾ ಐವತ್ತು. ಆದ್ರೂ ಐದನೂರಾ ಐವತ್ತು ಗಾಡೀನ ಸೋವಿ!"

ಕೆಂಪವ್ವ ಎಣ್ಣೆ ಬಾಟಲಿಯ ಮುಚ್ಚಳ ಬಿಗಿದಳು.

"ತಡಿ, ಇನ್ನ ಕುರಿ ಆವರೇಜ ತಗದಿಲ್ಲ" ಅಂದ ಮಲಕಾರಿ.

"ಕುರಿಗೆ ಎಲ್ಲೀ ಆವರೇಜ ದೊಡ್ಡಪ್ಪಾ?"

"ಐತಿ. ನಿನ್ನ ಗಾಡಿ ಹಿಂದಿನಿಂದ ಏನ ಬಿಡತೈತಿ?"

"ಹೊಗಿ."

"ಅದಕ್ಕ ರೊಕ್ಕಾ ಯಾರ ಕೊಡತಾರ?"

"ನಾನ ಕೊಡಬೇಕು. ಹೊಗಿ ಸರ್ಟಿಫಿಕೇಟ್ ಮಾಡಸಾಕ."

"ನಮ್ಮ ಕುರಿ ಹಿಂದಿನಿಂದ ಏನ ಬಿಡತಾವ?"

ಅಮೋಘಸಿದ್ದ ಬಾಯಿ ತೆರೆದ. ಉತ್ತರ ಗೊತ್ತಿತ್ತು, ಅದಕ್ಕೇ ಮುಚ್ಚಿಕೊಂಡ.

"ಹಿಕ್ಕಿ!" ಮಲಕಾರಿ ತೊಡೆ ತಟ್ಟಿದ. "ದಿನಾ ರಾತ್ರಿ ಒಬ್ಬೊಬ್ಬರ ಹೊಲದಾಗ ಕುರಿ ತರಬತೀವಿ. ಬೆಳಗಾದ್ರ ಅವರ ಹೊಲಕ್ಕ ಗೊಬ್ಬರ, ನಮ್ಮ ಕೈಗೆ ಏಳನೂರು ರೂಪಾಯಿ. ಏಳು ದಿನಕ್ಕ ನಾಕ ಸಾವಿರದ ಒಂಬೈನೂರು. ಹೊಟ್ಟಿ ಖರ್ಚು ತಗದ್ರೂ ಎರಡು ಸಾವಿರದ ನೂರು ಉಳತಾವ. ನಿನ್ನ ಗಾಡಿ ಓಡಿದ್ರ ರೊಕ್ಕಾ ಹೋಗತಾವ, ನಮ್ಮ ಕುರಿ ನಡದ್ರ ರೊಕ್ಕಾ ಬರತಾವ. ಹೊಗಿಗೂ ಹಿಕ್ಕಿಗೂ ಇಷ್ಟ ಫರಕ ನೋಡು, ತಮ್ಮಾ. ಎಲ್ಲಾ ಲೆಕ್ಕಾ ಹಾಕಿದಿ, ಹಿಕ್ಕಿ ಹಾಕಲಿಲ್ಲ!"

ಅಮೋಘಸಿದ್ದನ ಮುಖ ಗಾಡಿಗೆ ಕಟ್ಟಿದ ನಿಂಬೆಹಣ್ಣಿಗಿಂತ ಹುಳಿಯಾಯಿತು. ಪಿಕಪ್ ಇದ್ದೂ ಮಾತಿಗೆ ಪಿಕಪ್ ಸಿಗಲಿಲ್ಲ. ಕಾಲ್ನಡಿಗೆ ರದ್ದತಿಯ ಆದೇಶವನ್ನು ಹಿಂಪಡೆಯಲಾಯಿತು. ಮಲಕಾರಿ ಕಂಬಳಿ ಹೆಗಲಿಗೇರಿಸಿ, ಕೋಲು ಎತ್ತಿ "ಹುರ್ರ್" ಅಂದ. ಕುರಿಗಳು ಎದ್ದವು.

ಕೆಂಪವ್ವನೂ ಎದ್ದಳು. ಹಂಚು, ಹಿಟ್ಟಿನ ಗಂಟು ಎರಡನ್ನೂ ಎತ್ತಿಕೊಂಡು ಕುಂಟುತ್ತ ನಡೆದಳು, ಕುರಿಗಳ ಕಡೆಗಲ್ಲ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡಳು.

"ಏ, ಒಬ್ಬಾಕಿ ಸಲುವಾಗಿ ಐದು ಲೀಟರ್ ಸುಡಬೇಕೇನು?" ಮಲಕಾರಿ ಕೂಗಿದ. "ಆ ಲೆಕ್ಕಾ ಯಾವದರಾಗ ಹಿಡೀಲಿ?"

"ದಿನಾ ಸಂಜಿಗೆ ನೀವು ಕುರಿ ತರಬೂ ಹೊಲದಾಗ ಒಲಿ ಹೂಡಿರತೀನಿ, ಬರ್ರಿ." ಕೆಂಪವ್ವ ಕಿಟಕಿಯಿಂದ ತಲೆ ಹೊರಹಾಕಿದಳು. "ನಾ ಇದರಾಗ ಕುಂತ್ರ ನಿಮ್ಮ ಏಳನೂರರಾಗ ಒಂದ ರೂಪಾಯಿ ಕಡಿಮಿ ಆಗಂಗಿಲ್ಲ. ಮೂವತ್ತು ವರ್ಷ ನಡದೀನಿ. ಹೊಲದವರು ರೊಕ್ಕಾ ಕೊಡೂಮುಂದ ಕುರಿ ಎಣಸ್ಯಾರ, ಮರಿ ಎಣಸ್ಯಾರ. ನನ್ನ ಯಾರರೆ ಎಣಸ್ಯಾರೇನ್ರಿ?"