ನಲವತ್ತೇಳನೇ ಕೊಕ್ಕೆ

ಹಲಗೆಯ ನೂರಾ ಹನ್ನೆರಡು ಕೊಕ್ಕೆಗಳಲ್ಲಿ ಒಂದು ಮಾತ್ರ ಖಾಲಿ ಇತ್ತು. ಗಣಿಗೆ ಇಳಿಯುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಹಿಡಿದು ಇಳಿಯಬೇಕು, ಮೇಲೆ ಬಂದು ಅದೇ ನಂಬರಿನ ಕೊಕ್ಕೆಗೆ ಸಿಕ್ಕಿಸಬೇಕು. ಹಲಗೆ ತುಂಬುವ ತನಕ ಸಿಡಿಮದ್ದು ಸಿಡಿಸುವ ಕೀಲಿ, ಬಿಲ್ಲೆಗಳ ಲೆಕ್ಕ ಇಡುವ ಬಿಲ್ಲೆಯಕ್ಕನ ಮುಷ್ಟಿ ಬಿಟ್ಟು ಹೋಗುವಂತಿಲ್ಲ.

"ನಲವತ್ತೇಳು ನಮ್ಮ ಅಳಿಯಂದು ಕಣಮ್ಮ," ಎಂದು ಮೇಸ್ತ್ರಿ ನಕ್ಕ. "ಜೇಬಲ್ಲಿಟ್ಕೊಂಡು ಮನೆಗೆ ಹೋಗಿರ್ತಾನೆ. ತಲೆ ಕತ್ತಿಗೆ ಅಂಟಿಕೊಂಡಿದೆ, ಸರಿಹೋಯ್ತು. ಇಲ್ಲಾಂದ್ರೆ ಅದನ್ನೂ ಬಸ್ಸಲ್ಲಿ ಬಿಟ್ಟು ಬರೋ ಆಸಾಮಿ!"

"ಬಸ್ ಹತ್ತಿದ್ದನ್ನ ನೋಡಿದ್ರಾ?"

"ಇದೇ ಕಣ್ಣಲ್ಲಿ."

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. "ಎರಡೂವರೆಗೆ ಮದ್ದು ಸಿಡಿಸ್ತೀವಿ ಅಂತ ಕೆಳಗಿನ ಊರಿಗೆ ಮಾತು ಕೊಟ್ಟಿದೀವಿ. ಜನ ಮನೆ ಬಿಟ್ಟು ಮೈದಾನದಲ್ಲಿ ನಿಂತಿದಾರೆ. ಹೊಸ ವಿಧಾನದಲ್ಲಿ ಗೋಡೆಗಳು ಎಷ್ಟು ಕಮ್ಮಿ ನಡುಗ್ತವೆ ಅಂತ ಅಳೆಯೋಕೆ ಸುಸ್ಥಿರ ಅಭಿವೃದ್ಧಿ ಸಮಿತಿಯವರು ಮೀಟರ್ ಇಟ್ಕೊಂಡು ಕೂತಿದಾರೆ. ಕೀಲಿ ಕೊಡಿ ಅಕ್ಕ."

"ಬಿಲ್ಲೆ ಬರಲಿ ಸಾರ್."

"ನಾಳೆಯಿಂದ ಈ ಕುರ್ಚಿಲಿ ಬೇರೆಯವರು ಕೂತಿರ್ತಾರೆ, ನೆನಪಿರಲಿ."

"ನಾಳೆಯದು ನಾಳೆ. ಇವತ್ತು ನಾನು ಕೂತಿದೀನಲ್ಲ."

ಆಕೆ ಪುಸ್ತಕವನ್ನು ಮೇಸ್ತ್ರಿಯತ್ತ ತಿರುಗಿಸಿದಳು. "ಅಷ್ಟು ಖಾತ್ರಿ ಇದ್ರೆ ಬರೆದು ಸಹಿ ಹಾಕಿ, ಅಳಿಯ ಮೇಲಿದಾನೆ ಅಂತ. ಆಗಲೂ ಕೀಲಿ ಕೊಡಲ್ಲ. ಎಷ್ಟು ಖಾತ್ರಿ ಇದೆ ಅಂತ ನಿಮಗೇ ಗೊತ್ತಾಗ್ಲಿ ಅಂತ ಹೇಳ್ದೆ."

ಮೇಸ್ತ್ರಿ ಪೆನ್ನು ಎತ್ತಿಕೊಂಡ. ಅದು ಕಾಗದ ಮುಟ್ಟಲಿಲ್ಲ. "ಹಿಂದಿನಿಂದ ನೋಡಿದ್ದು... ನೀಲಿ ಶರ್ಟು..." ಎಂದು ಗೊಣಗಿ, "ಗೇಟಲ್ಲಿ ವಿಚಾರಿಸಿ ಬರ್ತೀನಿ," ಎಂದು ಎದ್ದು ಹೋದ.

ಅಳಿಯನ ಫೋನು ಹತ್ತು ಸಲ ಬಡಿದುಕೊಂಡರೂ ಯಾರೂ ಎತ್ತಲಿಲ್ಲ. ಮ್ಯಾನೇಜರ್ ಬೈದರು, ಬೇಡಿದರು, ಕೊನೆಗೆ ಕುರ್ಚಿ ಎಳೆದುಕೊಂಡು ಕೂತರು. ಬಿಲ್ಲೆಯಕ್ಕ ಜಪ್ಪಯ್ಯ ಎನ್ನಲಿಲ್ಲ. ಬಿಗಿಹಿಡಿದ ಕೀಲಿಯ ಹಲ್ಲುಗಳು ಅಂಗೈಗೆ ಒತ್ತುತ್ತಿದ್ದವು.

ಅರ್ಧ ಗಂಟೆಯ ಮೇಲೆ ಬೈಕೊಂದು ಬಂದು ನಿಂತಿತು. ಒದ್ದೆ ತಲೆ, ಕಿವಿಯ ಹಿಂದೆ ಸೋಪಿನ ನೊರೆ. ಸಾಕ್ಷಾತ್ ಅಳಿಯ! "ತಪ್ಪಾಯ್ತಕ್ಕ. ಪ್ಯಾಂಟ್ ನೆನೆಹಾಕುವಾಗ ಬಕೆಟ್ಟಲ್ಲಿ ಠಣ್ ಅಂತು. ಆಗ್ಲೇ ಗೊತ್ತಾಗಿದ್ದು."

ಮ್ಯಾನೇಜರ್ ಕೈ ಚಾಚಿದರು. ಆಕೆ ಬಿಲ್ಲೆಯನ್ನು ಸಿಕ್ಕಿಸಿದಳು. ಹಲಗೆ ತುಂಬಿತು. ಕೀಲಿ ಅವರ ಅಂಗೈಗೆ ಗೇಣು ದೂರವಿರುವಾಗ ಆಕೆಯ ಕೈ ನಿಂತಿತು.

"ಮೇಸ್ತ್ರಿ ಎಲ್ಲಿ?"

"ಅವರ ಬಿಲ್ಲೆ ಅಲ್ಲೇ ಇದೆಯಲ್ಲ! ಗೇಟಿಗೆ ಹೋದವರು..."

"ಗೇಟಲ್ಲಿ ಮಾವ ಇರ್ಲಿಲ್ಲ," ಎಂದ ಅಳಿಯ.

ಮೂವರೂ ಗಣಿಯ ಬಾಯಿಗೆ ಓಡಿದರು. ಮೊದಲು ಏನೂ ಕೇಳಲಿಲ್ಲ. ಆಮೇಲೆ, ಎಲ್ಲೋ ಕತ್ತಲೆಯ ತಳದಿಂದ, ಕೂಗಿ ಕೂಗಿ ಒಡೆದುಹೋದ ಒಂದು ಗಂಟಲು: "ಅಳಿಯಂದ್ರೇ..."

ಆ ಧ್ವನಿ ಇನ್ನೂ ಕೆಳಕ್ಕೆ ಇಳಿಯುತ್ತಲೇ ಇತ್ತು.