ಪಾಸ್ ಮಾಡಿದವನು

ಒಂದೇ ಕಂಪನಿಯ ಬೈಕು ಕೊಂಡು, ತಿಂಗಳೊಳಗೆ ಬ್ರೇಕ್ ಪೆಡಲ್ ಮುರಿದುಕೊಂಡ ಎಂಟು ಜನ ಶೋರೂಮಿಗೆ ನುಗ್ಗಿದ್ದೆವು. ಬಾಯಿ ಜೋರೆಂದು ನನ್ನನ್ನೇ ಮುಂದೆ ಬಿಟ್ಟಿದ್ದರು. ಬೈಕಿನಿಂದ ಬಿದ್ದು ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಹೆಂಡತಿಯನ್ನೂ ಸಾಕ್ಷಿಗೆಂದು ಕರೆತಂದಿದ್ದೆ.

"ಪೆಡಲ್ ಕಂಪನಿಯೋರು ಮಾಡಲ್ಲ ಸಾರ್, ಹೊರಗಡೆ ಮಾಡಿಸ್ತಾರೆ," ಎಂದ ಮ್ಯಾನೇಜರ್.

"ಎಲ್ಲೇ ಮಾಡಿಸ್ಲಿ, ಚೆಕ್ ಮಾಡಿ ಪಾಸ್ ಮಾಡಿದೋನು ಒಬ್ಬ ಇರ್ತಾನಲ್ರೀ. ನಾನೂ ಹದಿನೆಂಟು ವರ್ಷದಿಂದ ಫ್ಯಾಕ್ಟರೀಲಿ ಅದೇ ಕೆಲಸ ಮಾಡ್ತಿರೋನು. ನಾನು ಪಾಸ್ ಮಾಡಿದ ಪಾರ್ಟ್ಸು ಹತ್ತು ಕಂಪನಿಗೆ ಹೋಗುತ್ತೆ, ಒಂದು ಕಂಪ್ಲೇಂಟ್ ಬಂದಿಲ್ಲ. ಅವನಿಗೇನು ಕಣ್ಣು ಕಾಣಲ್ವಾ?"

ಹಿಂದಿದ್ದ ಏಳೂ ಜನ ಚಪ್ಪಾಳೆ ತಟ್ಟಿದರು. ನಾನು ಇನ್ನಷ್ಟು ಉಬ್ಬಿದೆ.

"ಪಾಸ್ ಮಾಡಿದೋರ ಟೋಕನ್ ನಂಬರ್ ಪೆಡಲ್ ಮೇಲೇ ಇರುತ್ತೆ ಸಾರ್. ಹೇಳಿ, ಕಂಪನಿಗೆ ಬರೆಯೋಣ."

ಕನ್ನಡಕವನ್ನು ಎಂದಿನಂತೆ ಮನೆಯಲ್ಲೇ ಬಿಟ್ಟು ಬಂದಿದ್ದೆ. ಮುರಿದ ಪೆಡಲನ್ನು ಹೆಂಡತಿಯ ಕೈಗಿಟ್ಟು, "ಎಲ್ಲರಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದು," ಎಂದೆ.

"ನಾನ್ನೂರ ಹನ್ನೆರಡು," ಎಂದು ಓದಿದವಳು, ಅಷ್ಟೇ ಗಟ್ಟಿಯಾಗಿ ಕೇಳಿದಳು: "ರೀ, ಇದು ನಿಮ್ಮ ನಂಬರ್ ಅಲ್ವಾ?"