ಚಪಾತಿ ಹಿಟ್ಟಿನಲ್ಲಿ ಸ್ಕ್ರೂಗಳು

ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ ನಮ್ಮ ಕಾರು ಬಿಚ್ಚುವ ಕೆಲಸ ಶುರುವಾಗಿತ್ತು. ಇವತ್ತಿಗೂ ಚಪಾತಿ ಹಿಟ್ಟು ನಾದುವಾಗ ನನಗೆ ಕಬ್ಬಿಣದ ವಾಸನೆ ಬರುತ್ತದೆ.

ಆ ವಾರ ಅಜ್ಜಿಯನ್ನು ಖಾನಾಪುರದಿಂದ ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ರಸ್ತೆಯ ಧೂಳಿಗೆ ಅವಳಿಗೆ ಉಬ್ಬಸ ಬರುತ್ತಿತ್ತು. ಗಾಜು ಏರಿಸಿದರೆ ಸೆಕೆ. ಆ ಹಳೆಯ ಕಾರಿನ ಎಸಿಗೆ ತುಂಬಿಸಿದ ಗ್ಯಾಸೆಲ್ಲ ತೂತಾದ ಕಾಯಿಲ್‌ನಿಂದ ಸೋರಿಹೋಗುತ್ತಿತ್ತು. ಅಪ್ಪ ಬೆಳಗಾವಿಯ ಆಟೋ ನಗರದಿಂದ ಹೊಸ ಕೂಲಿಂಗ್ ಕಾಯಿಲ್ ತಂದು, ಅದನ್ನು ಒಳಗೆ ಕೂರಿಸಲು ಡ್ಯಾಶ್‌ಬೋರ್ಡನ್ನೇ ಬಿಚ್ಚಿದರು. ಸ್ಕ್ರೂಗಳು ಅದಲುಬದಲಾಗದಂತೆ ಅವ್ವ ನಾದಿದ ಹಿಟ್ಟನ್ನು ಪರಾತದಲ್ಲಿ ಹರಡಿ, ಬಿಚ್ಚಿದ ಸಾಲಿನಲ್ಲೇ ಚುಚ್ಚಿಟ್ಟಳು.

"ನನ್ನ ಚಪಾತಿ ಎಲ್ಲಿ ಅದಾವ?" ಅಜ್ಜಿ ಕೇಳಿದಳು.

"ಕಾರಿನಾಗ ಹೊಂಟಾವ್ರಿ ಅತ್ತಿ. ಇವತ್ತ ಅವಲಕ್ಕಿ ತಿನ್ರಿ," ಎಂದಳು ಅವ್ವ.

ಸಂಜೆ ಎಲ್ಲ ಜೋಡಿಸಿದ ಮೇಲೂ ಒಣಗಿದ ಹಿಟ್ಟಿನಲ್ಲಿ ಒಂದು ಸ್ಕ್ರೂ ಉಳಿದಿತ್ತು.

"ಒಂದ ಅಲ್ಲೇನ, ಬಿಡು," ಎಂದರು ಅಪ್ಪ.

"ಇದು ಕಾಯಿಲ್ ಸಾಲಿಂದು. ಮತ್ತ ಬಿಚ್ರಿ," ಎಂದಳು ಅವ್ವ.

ಅಪ್ಪ ಬಿಚ್ಚಿದರು.

ಗ್ಯಾಸ್ ತುಂಬಿಸಿ ಹೊರಟ ದಿನ ಅಜ್ಜಿ ತಾನೇ ಗಾಜು ಏರಿಸಿದಳು. ಬೆಳಗಾವಿ ಮುಟ್ಟುವವರೆಗೆ ಅವಳು ಕೆಮ್ಮಲಿಲ್ಲ.

ಸ್ಕ್ರೂ ಜೋಪಾನವಾಗಿಡಲು ಹಿಟ್ಟಿಗಿಂತ ಒಳ್ಳೆಯ ಉಪಾಯ ಬಲ್ಲವರು ದಯವಿಟ್ಟು ನನಗೆ ಬರೆಯಿರಿ.